ನಾಲ್ಕನೇ ರೆಕ್ಕೆ ಯಾಕೆ?

ದೋಣಿಯ ಪ್ರೊಪೆಲರ್‌ಗೆ ರೆಕ್ಕೆ ಜಾಸ್ತಿ ಆದಷ್ಟೂ ಸ್ಪೀಡ್ ಜಾಸ್ತಿ ಅಂತ ನಂಬಿರೋರು ತುಂಬಾ ಜನ ಇದ್ದಾರೆ. ಮೇಲ್ನೋಟಕ್ಕೆ ಹಾಗೇ ಅನ್ಸುತ್ತೆ ಕೂಡ. ಎರಡು ಕೈಯಲ್ಲಿ ನೀರು ತಳ್ಳೋದಕ್ಕಿಂತ ನಾಲ್ಕು ಕೈಯಲ್ಲಿ ತಳ್ಳಿದ್ರೆ ಜಾಸ್ತಿ ಹೋಗ್ಬೇಕಲ್ವಾ? ಆದ್ರೆ ನಡೆಯೋದು ಉಲ್ಟಾ. ಅದೇ ದೋಣಿ, ಅದೇ ಎಂಜಿನ್ ಇಟ್ಟುಕೊಂಡು ಮೂರು ರೆಕ್ಕೆಯದನ್ನ ಬಿಚ್ಚಿ ಅದೇ ಅಳತೆಯ ನಾಲ್ಕು ರೆಕ್ಕೆಯದು ಹಾಕಿದ್ರೆ, ಸಾಮಾನ್ಯವಾಗಿ ಟಾಪ್ ಸ್ಪೀಡ್ ಸ್ವಲ್ಪ ಇಳಿಯುತ್ತೆ. ಹಾಗಿದ್ರೂ ಜನ ದುಡ್ಡು ಕೊಟ್ಟು ಆ ನಾಲ್ಕನೇ ರೆಕ್ಕೆಯನ್ನ ಕೊಳ್ತಾರೆ. ಅವರಲ್ಲಿ ಸುಮಾರು ಜನ ಕೊಂಡಿದ್ದು ಸರಿಯಾಗೇ ಇರುತ್ತೆ, ಕೊಂಡ ಕಾರಣ ಮಾತ್ರ ತಪ್ಪಿರುತ್ತೆ.

ಈ ತಲೆಬಿಸಿ ನನಗೆ ಅಂಟಿದ್ದು ಅಮ್ಮನ ತಮ್ಮನಿಂದ. ಉಡುಪಿ ಜಿಲ್ಲೆಯ ಕಡಲತೀರದಲ್ಲಿ ಮಾವನದ್ದೊಂದು ಫೈಬರ್ ದೋಣಿ ಇದೆ, ಹಿಂದೆ 25 ಎಚ್‌ಪಿಯ ಔಟ್‌ಬೋರ್ಡ್ ಎಂಜಿನ್. ನಾನು ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿದ ಲಕ್ಷಾಂತರ ಜನರಲ್ಲಿ ಒಬ್ಬ. ಆದ್ರೂ ನಮ್ಮ ಕುಟುಂಬದಲ್ಲಿ ಮಿಕ್ಸಿ ಕೆಟ್ಟಾಗ, ಸ್ಕೂಟರ್ ಕೂಗಿದಾಗ ನನ್ನ ಡಿಗ್ರಿ ಎಲ್ಲರಿಗೂ ನೆನಪಾಗುತ್ತೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಬಲೆ ಹೆಣೆಯೋದು, ಬಣ್ಣ ಹೊಡೆಯೋದು, ಎಂಜಿನ್ ರಿಪೇರಿ. ಅಂಥ ಒಂದು ಸಂಜೆ ಫೋನು: "ನಾಲ್ಕು ರೆಕ್ಕೆಯ ಫ್ಯಾನ್ ಹಾಕಿದ್ರೆ ಬೇಗ ದಡಕ್ಕೆ ಬರ್ಲಿಕ್ಕೆ ಆಗ್ತದಾ ಮಾರಾಯ?" ಅಲ್ಲಿ ಪ್ರೊಪೆಲರ್‌ಗೆ ಫ್ಯಾನ್ ಅಂತಲೇ ಅನ್ನೋದು. ಬೇಗ ದಡ ಸೇರಿದವರ ಮೀನಿಗೆ ಹರಾಜಲ್ಲಿ ಒಳ್ಳೆ ರೇಟು. ಇಂಧನದ ಖರ್ಚು ಕಳೆದು ಉಳಿದಿದ್ದು ದೋಣಿಯ ನಾಲ್ಕು ಜನರಿಗೆ ಪಾಲು. ಹಾಗಾಗಿ ಅರ್ಧ ನಾಟ್ ಸ್ಪೀಡ್ ಅನ್ನೋದು ಅವರಿಗೆ ಶೋಕಿಯ ಮಾತಲ್ಲ.

ಪ್ರೊಪೆಲರ್‌ನ ಕಥೆ ಶುರುವಾಗಿದ್ದೇ ಕಮ್ಮಿ ಮಾಡಿದ್ರೆ ಜಾಸ್ತಿ ಆಗುತ್ತೆ ಅನ್ನೋ ಒಂದು ಆಕಸ್ಮಿಕದಿಂದ. ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಅಂತ ಒಬ್ಬ ರೈತ ಇದ್ದ. ದೋಣಿಯ ಮಾಡೆಲ್ ಮಾಡೋ ಹುಚ್ಚು. 1836ರಲ್ಲಿ ಅವನು ಪೇಟೆಂಟ್ ತಗೊಂಡ ಪ್ರೊಪೆಲರ್‌ಗೆ ರೆಕ್ಕೆಗಳೇ ಇರಲಿಲ್ಲ. ಮರದಲ್ಲಿ ಕೆತ್ತಿದ ಉದ್ದನೆಯ ಸ್ಕ್ರೂ ಅದು, ಪೂರ್ತಿ ಎರಡು ಸುತ್ತು. ಮುಂದಿನ ವರ್ಷ ಲಂಡನ್‌ನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಪರೀಕ್ಷೆ ನಡೀತಿರುವಾಗ ಸ್ಕ್ರೂ ಯಾವುದಕ್ಕೋ ತಾಗಿ ಅರ್ಧ ಮುರಿದುಹೋಯ್ತು. ದೋಣಿ ನಿಲ್ಲಬೇಕಿತ್ತು, ಬದಲಿಗೆ ಮೊದಲಿಗಿಂತ ಜೋರಾಗಿ ಓಡ್ತು! ಮುರಿದುಹೋದ ಭಾಗ ಅಲ್ಲಿವರೆಗೆ ಮಾಡ್ತಿದ್ದ ಕೆಲಸ ಅಂದ್ರೆ ನೀರಿಗೆ ಉಜ್ಜಿಕೊಂಡು ಎಂಜಿನ್ನಿನ ಶಕ್ತಿ ತಿನ್ನೋದು ಅಷ್ಟೇ. ಸ್ಮಿತ್ ಬುದ್ಧಿವಂತ, ಮುರಿದದ್ದನ್ನ ಅಂಟಿಸೋಕೆ ಹೋಗಲಿಲ್ಲ, ಒಂದೇ ಸುತ್ತಿನ ಸ್ಕ್ರೂ ಮಾಡಿದ.

ಕೆಲವೇ ವರ್ಷಗಳ ಮೇಲೆ ಬ್ರುನೆಲ್ ಕಟ್ಟಿದ 'ಗ್ರೇಟ್ ಬ್ರಿಟನ್' ಅನ್ನೋ ದೊಡ್ಡ ಕಬ್ಬಿಣದ ಹಡಗಿಗೆ ಆರು ರೆಕ್ಕೆಯ ಪ್ರೊಪೆಲರ್ ಇತ್ತು. 1845ರಲ್ಲಿ ಅಟ್ಲಾಂಟಿಕ್ ದಾಟೋಕೆ ಶುರು ಮಾಡಿದ ಮೇಲೆ ಅದರ ರೆಕ್ಕೆಗಳು ಒಂದೊಂದಾಗಿ ಮುರಿದು ಬಿದ್ವು. ಆಮೇಲೆ ಹಾಕಿದ್ದು ನಾಲ್ಕು ರೆಕ್ಕೆಯದು. ಅಂದ್ರೆ ರೆಕ್ಕೆ ಎಷ್ಟಿರಬೇಕು ಅನ್ನೋದು ಇವತ್ತಿನ ಪ್ರಶ್ನೆ ಅಲ್ಲ, ಪ್ರೊಪೆಲರ್‌ನಷ್ಟೇ ಹಳೇದು.

ಈಗ ಸ್ವಲ್ಪ ಲೆಕ್ಕ, ಹೆದರಬೇಡಿ. ಪ್ರೊಪೆಲರ್ ಮೇಲೆ ಎರಡು ಅಂಕಿ ಕೆತ್ತಿರ್ತಾರೆ, ಎರಡೂ ಇಂಚಲ್ಲಿ. ಮೊದಲನೆಯದು ಡಯಾಮೀಟರ್, ಎರಡನೆಯದು ಪಿಚ್. ಪಿಚ್ ಅಂದ್ರೆ, ನೀರಿನ ಬದಲು ಮರದೊಳಗೆ ಸ್ಕ್ರೂ ತರ ತಿರುಗಿದ್ರೆ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗ್ತಿತ್ತು ಅನ್ನೋದು. ಮಾವನ ಪ್ರೊಪೆಲರ್ ಪಿಚ್ 9 ಇಂಚು. ಎಂಜಿನ್ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ, ಗೇರ್‌ನಲ್ಲಿ ಹೆಚ್ಚೂಕಮ್ಮಿ ಅರ್ಧ ಆಗಿ ಪ್ರೊಪೆಲರ್‌ಗೆ 2700 ಸುತ್ತು ಸಿಗುತ್ತೆ ಅಂತ ಇಟ್ಕೊಳ್ಳಿ. ಗುಣಿಸಿ ನೋಡಿದ್ರೆ ಸರಿಯಾಗಿ 20 ನಾಟ್, ಅಂದ್ರೆ ಗಂಟೆಗೆ 37 ಕಿಲೋಮೀಟರ್. ಆದ್ರೆ ನೀರು ಮರ ಅಲ್ಲ, ಜಾರುತ್ತೆ. ದೋಣಿ ನಿಜವಾಗಿ ಹೋಗೋದು 15 ನಾಟ್ ಆದ್ರೆ ಕಾಲು ಭಾಗ ಜಾರಿಕೆಗೆ ಹೋಯ್ತು. ಎಂಜಿನಿಯರ್‌ಗಳು ಇದನ್ನ ಸ್ಲಿಪ್ ಅಂತಾರೆ. ಗಮನಿಸಿದ್ರಾ, ಈ ಲೆಕ್ಕದಲ್ಲಿ ರೆಕ್ಕೆ ಎಷ್ಟು ಅನ್ನೋದು ಎಲ್ಲೂ ಬರಲೇ ಇಲ್ಲ. ಸ್ಪೀಡ್ ತೀರ್ಮಾನ ಮಾಡೋದು ಪಿಚ್ ಮತ್ತು ಎಂಜಿನ್ ಸುತ್ತು. ರೆಕ್ಕೆಯ ಸಂಖ್ಯೆ ಬರೋದು ಆ ಜಾರಿಕೆಯ ಜಾಗದಲ್ಲಿ.

ದೋಣಿ ಮುಂದೆ ಹೋಗೋದು ನೀರನ್ನ ಹಿಂದಕ್ಕೆ ತಳ್ಳೋದರಿಂದ. ಸ್ವಲ್ಪ ನೀರನ್ನ ಜೋರಾಗಿ ತಳ್ಳೋದಕ್ಕಿಂತ ತುಂಬಾ ನೀರನ್ನ ಮೆಲ್ಲಗೆ ತಳ್ಳೋದು ಯಾವಾಗ್ಲೂ ಲಾಭ. ಹಾಗಾಗಿ ಲೆಕ್ಕದ ಪ್ರಕಾರ ಒಳ್ಳೆ ಪ್ರೊಪೆಲರ್ ಅಂದ್ರೆ ಆದಷ್ಟು ದೊಡ್ಡದು, ನಿಧಾನಕ್ಕೆ ತಿರುಗುವಂಥದ್ದು, ರೆಕ್ಕೆ ಕಮ್ಮಿ ಇರುವಂಥದ್ದು. ರೆಕ್ಕೆ ಹೆಚ್ಚಿದಂತೆ ನೀರಿಗೆ ಉಜ್ಜೋ ಮೈ ಹೆಚ್ಚುತ್ತೆ, ಪ್ರತಿ ರೆಕ್ಕೆಯೂ ಮುಂದಿನ ರೆಕ್ಕೆ ಕದಡಿಬಿಟ್ಟ ನೀರಲ್ಲೇ ಕೆಲಸ ಮಾಡಬೇಕು. ಲೇಟ್ ಆದ ಪ್ರಾಜೆಕ್ಟಿಗೆ ಇನ್ನಿಬ್ಬರು ಡೆವಲಪರ್‌ಗಳನ್ನ ತುರುಕಿದಾಗ ಏನಾಗುತ್ತೆ ಅಂತ ನಮ್ಮಲ್ಲಿ ಬಹಳ ಜನ ನೋಡಿದ್ದೀವಿ; ಹೆಚ್ಚುಕಮ್ಮಿ ಅದೇ. ಮಾಡೆಲ್ ವಿಮಾನದ ಸ್ಪೀಡ್ ರೇಸಿನವರು ಒಂದೇ ರೆಕ್ಕೆಯ ಪ್ರೊಪೆಲರ್ ಹಾಕ್ತಾರೆ, ಇನ್ನೊಂದು ಕಡೆ ತೂಕ ಸರಿದೂಗಿಸೋಕೆ ಒಂದು ಲೋಹದ ಗಟ್ಟಿ. ಹಾಯಿದೋಣಿಯವರಿಗೆ ಎರಡು ರೆಕ್ಕೆ ಇಷ್ಟ, ಯಾಕಂದ್ರೆ ಎಂಜಿನ್ ಆಫ್ ಮಾಡಿ ಹಾಯಿ ಬಿಚ್ಚಿದಾಗ ಆ ಎರಡನ್ನೂ ನೆಟ್ಟಗೆ ನಿಲ್ಲಿಸಿ ದೋಣಿಯ ಬೆನ್ನೆಲುಬಿನ ಮರೆಗೆ ಅಡಗಿಸಬಹುದು.

ಹಾಗಾದ್ರೆ ಎಲ್ಲರೂ ದೊಡ್ಡ ಎರಡು ರೆಕ್ಕೆ ಹಾಕಿಕೊಂಡ್ರೆ ಆಯ್ತಲ್ಲ? ಜಾಗ ಇಲ್ಲ. ಇದೇ ಇಡೀ ವಿಷಯದ ಗಂಟು ಅಂತ ನನ್ನ ಅಭಿಪ್ರಾಯ. ಔಟ್‌ಬೋರ್ಡ್ ಎಂಜಿನ್‌ನಲ್ಲಿ ಪ್ರೊಪೆಲರ್‌ನ ಮೇಲೆ ಒಂದು ಅಡ್ಡ ತಟ್ಟೆ ಇರುತ್ತೆ, ಅದನ್ನ ಮೀರಿ ಡಯಾಮೀಟರ್ ಬೆಳೆಯೋ ಹಾಗಿಲ್ಲ. ಒಳಗೆ ಎಂಜಿನ್ ಇರೋ ಟ್ರಾಲ್ ಬೋಟಿನಲ್ಲಿ ಮೇಲೆ ಬೋಟಿನ ತಳ, ಕೆಳಗೆ ಚೌಕಟ್ಟು. ತೀರಾ ಹತ್ತಿರ ಹೋದ್ರೆ ಇಡೀ ಬೋಟು ಗಡಗಡ ಅನ್ನುತ್ತೆ. ನಮ್ಮ ಕಡೆಯ ನದಿಬಾಯಿಗಳಲ್ಲಿ ನೀರಿನ ಆಳವೂ ಕಮ್ಮಿ. ಡಯಾಮೀಟರ್ ಬೆಳೆಸೋಕೆ ಆಗದೇ ಇದ್ದಾಗ ಉಳಿಯೋ ದಾರಿ, ಇರೋ ವೃತ್ತದೊಳಗೇ ರೆಕ್ಕೆಯ ಮೈ ಹೆಚ್ಚಿಸೋದು. ನಾಲ್ಕನೇ ರೆಕ್ಕೆ ಅಂದ್ರೆ, ಹಿಡಿಸದೇ ಹೋದ ಡಯಾಮೀಟರ್‌ಗೆ ಕೊಟ್ಟ ಬದಲಿ.

ಮೈ ಯಾಕೆ ಬೇಕು ಅಂತ ತಿಳಿಯೋಕೆ ಟರ್ಬೀನಿಯಾ ನೋಡಬೇಕು. ಚಾರ್ಲ್ಸ್ ಪಾರ್ಸನ್ಸ್ ಅನ್ನೋ ಎಂಜಿನಿಯರ್ ತನ್ನ ಹೊಸ ಸ್ಟೀಮ್ ಟರ್ಬೈನ್ ಜಗತ್ತಿಗೆ ತೋರಿಸೋಕೆ 1894ರಲ್ಲಿ ನೀರಿಗಿಳಿಸಿದ ದೋಣಿ ಅದು. ಎಂಜಿನ್‌ಗೆ ರಾಕ್ಷಸ ಶಕ್ತಿ ಇದ್ರೂ ದೋಣಿ ಅಂದುಕೊಂಡಷ್ಟು ಓಡ್ತಾ ಇರಲಿಲ್ಲ. ಪ್ರೊಪೆಲರ್ ಎಷ್ಟು ಜೋರಾಗಿ ತಿರುಗ್ತಿತ್ತು ಅಂದ್ರೆ, ರೆಕ್ಕೆಯ ಬೆನ್ನಿನ ಕಡೆ ಒತ್ತಡ ಪೂರ್ತಿ ಕುಸಿದು ತಣ್ಣೀರೇ ಕುದಿದು ಗುಳ್ಳೆ ಆಗ್ತಿತ್ತು. ರೆಕ್ಕೆ ನೀರಿನ ಬದಲು ಗುಳ್ಳೆಯನ್ನ ತಳ್ಳಿದ ಹಾಗೆ. ಇದೇ ಕ್ಯಾವಿಟೇಶನ್. ಪಾರ್ಸನ್ಸ್ ನೀರಿನ ತೊಟ್ಟಿ ಕಟ್ಟಿ ಅದರೊಳಗೆ ಪುಟ್ಟ ಪ್ರೊಪೆಲರ್ ತಿರುಗಿಸಿ ಗುಳ್ಳೆಗಳನ್ನ ಕಣ್ಣಾರೆ ನೋಡಿದ. ಆಮೇಲೆ ಒಂದು ಶಾಫ್ಟ್ ತೆಗೆದು ಮೂರು ಮಾಡಿದ, ಒಂದೊಂದಕ್ಕೂ ಮೂರು ಪ್ರೊಪೆಲರ್, ಒಟ್ಟು ಒಂಬತ್ತು. ಭಾರ ಹಂಚಿಹೋಯ್ತು. 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ನೌಕಾ ಪ್ರದರ್ಶನದಲ್ಲಿ ಟರ್ಬೀನಿಯಾ ಸುಮಾರು 34 ನಾಟ್ ವೇಗದಲ್ಲಿ ಯುದ್ಧನೌಕೆಗಳ ಸಾಲಿನ ನಡುವೆ ನುಗ್ಗಿಹೋದಾಗ ಹಿಡಿಯೋಕೆ ಯಾರಿಂದಲೂ ಆಗಲಿಲ್ಲ. ಡೆಮೋ ಅಂದ್ರೆ ಹಾಗಿರಬೇಕು.

ಮಾವನ ದೋಣಿಗೆ ಕ್ಯಾವಿಟೇಶನ್ ಅಂಥ ದೊಡ್ಡ ತೊಂದರೆ ಅಲ್ಲ. ಅವರಿಗಿರೋದು ಅದರ ದಾಯಾದಿ, ಗಾಳಿ ಹಿಡಿಯೋದು. ಅಲೆಗೆ ದೋಣಿಯ ಹಿಂಭಾಗ ಎದ್ದಾಗ ಪ್ರೊಪೆಲರ್ ಮೇಲಿಂದ ಗಾಳಿ ಎಳ್ಕೊಳ್ಳುತ್ತೆ. ಎಂಜಿನ್ ಒಮ್ಮೆಗೇ ಕಿರುಚುತ್ತೆ, ದೋಣಿಗೆ ತಳ್ಳು ಸಿಗಲ್ಲ. ನಡುಕಡಲಲ್ಲಿ ಆದ್ರೆ ಕಿರಿಕಿರಿ, ಅಷ್ಟೇ. ಅಳಿವೆಯಲ್ಲಿ ಆದ್ರೆ ಕಥೆ ಬೇರೆ.

ಕರಾವಳಿಯವರಿಗೆ ಅಳಿವೆ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ, ಬೆಂಗಳೂರಿನವರಿಗೆ ಹೇಳ್ತೀನಿ. ನದಿ ಸಮುದ್ರ ಸೇರೋ ಬಾಯಿ ಅದು. ಮರಳು ದಿಬ್ಬ ಕಟ್ಟಿ ಆಳ ಕಮ್ಮಿಯಾಗಿರುತ್ತೆ, ಹಾಗಾಗಿ ಹೊರಗಿನಿಂದ ಬಂದ ಅಲೆ ಅಲ್ಲೇ ಎದ್ದು ಒಡೆಯುತ್ತೆ. ಆಗಸ್ಟ್‌ನಲ್ಲಿ ನಿಷೇಧ ಮುಗಿದ ಮೊದಲ ದಿನಗಳಲ್ಲಿ ಕಡಲು ಇನ್ನೂ ಪೂರ್ತಿ ಇಳಿದಿರಲ್ಲ, ನದಿಯಲ್ಲೂ ಮಳೆನೀರಿನ ಸೆಳೆತ. ಮೀನು ತುಂಬಿದ ದೋಣಿ ಒಳಗೆ ಬರೋವಾಗ ಒಂದು ಅಲೆಯ ಬೆನ್ನ ಮೇಲೆ ಕೂತು, ಅದನ್ನ ದಾಟದೆ, ಹಿಂದಿನ ಅಲೆಗೂ ಸಿಗದೆ, ಅದರ ಜೊತೆಗೇ ಬರಬೇಕು. ಎಂಜಿನ್ ಹಿಡಿತ ಎರಡು ಸೆಕೆಂಡ್ ತಪ್ಪಿದ್ರೂ ದೋಣಿ ಅಡ್ಡ ತಿರುಗುತ್ತೆ. ಅಡ್ಡ ತಿರುಗಿದ ದೋಣಿ ಮಗುಚೋಕೆ ಒಂದು ಅಲೆ ಸಾಕು. ಹೀಗೆ ಅಳಿವೆಯಲ್ಲಿ ದೋಣಿ ಮಗುಚಿ ಜೀವ ಹೋದ ಸುದ್ದಿ ನಮ್ಮ ಪತ್ರಿಕೆಗಳ ಕರಾವಳಿ ಪುಟದಲ್ಲಿ ನೀವು ಓದಿರಬಹುದು. ಮಾವ ನನ್ನ ಹತ್ರ ಕೇಳಿದ್ದು ಹರಾಜಿನ ರೇಟಿನ ಪ್ರಶ್ನೆ. ಅತ್ತೆ ಫೋನ್ ಇಸ್ಕೊಂಡು ಕೇಳಿದ್ದು ಅಳಿವೆಯ ಪ್ರಶ್ನೆ.

ಸ್ವಾತಂತ್ರ್ಯ ದಿನದ ಲಾಂಗ್ ವೀಕೆಂಡಿಗೆ ಹೋದೆ. ಪಕ್ಕದ ರಿಪೇರಿ ಅಂಗಡಿಯವರು ಅದೇ ಡಯಾಮೀಟರ್, ಅದೇ ಪಿಚ್‌ನ ನಾಲ್ಕು ರೆಕ್ಕೆಯದೊಂದನ್ನ ಎರಡು ದಿನಕ್ಕೆ ಕೊಟ್ರು. ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತೋ ಒಂದು ಚಿಕ್ಕ ಆರ್‌ಪಿಎಂ ಮೀಟರ್, ಜಿಪಿಎಸ್‌ಗೆ ನನ್ನ ಫೋನು. ನೀರಿನ ಸೆಳೆತದ ಲೆಕ್ಕ ಹೋಗ್ಲಿ ಅಂತ ಒಂದೇ ದಾರಿಯಲ್ಲಿ ಹೋಗ್ತಾ ಒಮ್ಮೆ, ಬರ್ತಾ ಒಮ್ಮೆ ಓಡಿಸಿ ಸರಾಸರಿ ತಗೊಂಡ್ವಿ. ಖಾಲಿ ದೋಣಿಯಲ್ಲಿ ಫುಲ್ ಥ್ರಾಟಲ್ ಕೊಟ್ಟಾಗ ಮೂರು ರೆಕ್ಕೆಯದ್ದು 5400 ಸುತ್ತು, 15 ನಾಟ್ ಹತ್ತಿರ. ನಾಲ್ಕು ರೆಕ್ಕೆಗೆ ಎಂಜಿನ್ ಇನ್ನೂರರಷ್ಟು ಸುತ್ತು ಇಳಿದು, ವೇಗವೂ ಅರ್ಧ ನಾಟ್ ಇಳಿಯಿತು. "ನೋಡು, ಕಮ್ಮಿಯೇ ಆಯ್ತಲ್ಲ!" ಅಂದ್ರು ಮಾವ, ನನ್ನ ಡಿಗ್ರಿ ಕಡೆ ನೋಡೋ ಹಾಗೆ.

ಮರುದಿನ ಬಲೆ, ಐಸ್ ಬಾಕ್ಸ್, ನಾಲ್ಕು ಜನ ಎಲ್ಲಾ ತುಂಬಿ ಹೊರಟಾಗ ವ್ಯತ್ಯಾಸ ಗೊತ್ತಾಯ್ತು. ನಿಂತಲ್ಲಿಂದ ದೋಣಿ ಬೇಗ ಎದ್ದು ಹೊರಡ್ತು. ಮುಂಚೆ ಥ್ರಾಟಲ್ ಸ್ವಲ್ಪ ಇಳಿಸಿದ್ರೂ ಮೂತಿ ಎತ್ತಿ ಕೂತುಬಿಡ್ತಿದ್ದ ದೋಣಿ, ಈಗ ಅರ್ಧ ಥ್ರಾಟಲ್‌ನಲ್ಲೇ ಸಮಾಧಾನವಾಗಿ ಓಡ್ತಿತ್ತು. ಕೈಗೆ ಬರೋ ಕಂಪನ ಕಮ್ಮಿ. ವಾಪಸ್ ಬರೋವಾಗ ಅಳಿವೆಯಲ್ಲಿ ಹಿಂಭಾಗ ಎದ್ದಾಗಲೂ ಎಂಜಿನ್ ಆ ಕಿರುಚಾಟ ಮಾಡಲಿಲ್ಲ. ಒಮ್ಮೆ ಸ್ವಲ್ಪ ಸದ್ದು ಏರಿತು, ತಕ್ಷಣ ಹಿಡ್ಕೊಂಡಿತು. ಭಾರ ನಾಲ್ಕು ರೆಕ್ಕೆಗೆ ಹಂಚಿಹೋಗಿರೋದರಿಂದ ಒಂದೊಂದರ ಬೆನ್ನಲ್ಲೂ ಒತ್ತಡ ಅಷ್ಟು ಇಳಿಯಲ್ಲ, ಗಾಳಿ ಎಳೆಯೋದು ಕಮ್ಮಿ. ಒಂದು ರೆಕ್ಕೆ ಗಾಳಿಗೆ ಸಿಕ್ಕಿದ್ರೂ ಇನ್ನು ಮೂರು ನೀರಲ್ಲಿರುತ್ತೆ. ಮಾವ ಏನೂ ಹೇಳಲಿಲ್ಲ. ಆದ್ರೆ ದಡದಲ್ಲಿ ಹಳೇ ಪ್ರೊಪೆಲರನ್ನ ವಾಪಸ್ ಹಾಕೋಕೂ ಹೋಗಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಇಲ್ಲಿ ಬೇಕು, ಯಾಕಂದ್ರೆ ಹೊಸ ಪ್ರೊಪೆಲರ್ ಹಾಕಿ ಎಂಜಿನ್ ಹಾಳು ಮಾಡ್ಕೊಳ್ಳೋರು ಇದನ್ನೇ ಬಿಡೋದು. ಪ್ರತಿ ಎಂಜಿನ್‌ಗೂ ಫುಲ್ ಥ್ರಾಟಲ್‌ನಲ್ಲಿ ಇಷ್ಟರಿಂದ ಇಷ್ಟು ಸುತ್ತು ತಿರುಗಬೇಕು ಅಂತ ಕಂಪನಿ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತೆ. ಪ್ರೊಪೆಲರ್ ಭಾರ ಆಗಿ ಅಷ್ಟು ಸುತ್ತು ಮುಟ್ಟದೇ ಹೋದ್ರೆ, ಐದನೇ ಗೇರಲ್ಲಿ ಆಗುಂಬೆ ಘಾಟಿ ಹತ್ತಿಸಿದ ಹಾಗೆ. ಎಂಜಿನ್ ಒದ್ದಾಡಿ ಬಿಸಿಯಾಗಿ ಬೇಗ ಸಾಯುತ್ತೆ. ಹಗುರಾಗಿ ಮಿತಿ ಮೀರಿ ತಿರುಗಿದ್ರೂ ಅಪಾಯ. ಪಿಚ್ ಒಂದು ಇಂಚು ಇಳಿಸಿದ್ರೆ ಸುಮಾರು 150ರಿಂದ 200 ಸುತ್ತು ಏರುತ್ತೆ ಅನ್ನೋದು ಔಟ್‌ಬೋರ್ಡ್‌ನವರ ಸಾಮಾನ್ಯ ಲೆಕ್ಕ. ಅದಕ್ಕೇ ಮೂರರಿಂದ ನಾಲ್ಕು ರೆಕ್ಕೆಗೆ ಹೋಗೋವಾಗ ಪಿಚ್ ಒಂದು ಇಂಚು ಕಮ್ಮಿ ತಗೊಳ್ಳಿ ಅಂತಾರೆ. ಮಾವನಿಗೆ ಕೊನೆಗೆ ತಂದಿದ್ದು 8 ಇಂಚಿನ ಪಿಚ್‌ನದು. ಇಂಧನ ಉಳಿಯುತ್ತೆ ಅಂತ ಅಂಗಡಿಯಲ್ಲಿ ಹೇಳಿದ್ರೆ, ಯಾವ ವೇಗದಲ್ಲಿ, ಎಷ್ಟು ಭಾರ ಹೊತ್ತಾಗ ಅಂತ ತಿರುಗಿ ಕೇಳಿ. ಭಾರ ಹೊತ್ತು ನಡುವೇಗದಲ್ಲಿ ಓಡೋ ದೋಣಿಗೆ ಜಾರಿಕೆ ಕಮ್ಮಿಯಾಗಿ ಉಳಿಯಬಹುದು. ಖಾಲಿ ದೋಣಿಯಲ್ಲಿ ಫುಲ್ ಥ್ರಾಟಲ್ ಹೊಡೆಯೋರಿಗೆ ಉಳಿಯಲ್ಲ.

ಕಂಪನದ ಮಾತು ಬಂತಲ್ಲ. ದೋಣಿಯ ಹಿಂದಿನ ನೀರು ಎಲ್ಲಾ ಕಡೆ ಒಂದೇ ತರ ಹರಿಯಲ್ಲ, ಬೆನ್ನೆಲುಬಿನ ಹಿಂದೆ ನಿಧಾನ ಇರುತ್ತೆ. ಪ್ರತಿ ರೆಕ್ಕೆಯೂ ಆ ನಿಧಾನದ ನೀರು ದಾಟೋವಾಗ ಒಂದು ಪೆಟ್ಟು. 2700 ಸುತ್ತಿನಲ್ಲಿ ಮೂರು ರೆಕ್ಕೆ ಅಂದ್ರೆ ಸೆಕೆಂಡಿಗೆ 135 ಪೆಟ್ಟು, ನಾಲ್ಕು ಅಂದ್ರೆ 180. ಪೆಟ್ಟು ಜಾಸ್ತಿ, ಆದ್ರೆ ಒಂದೊಂದೂ ಸಣ್ಣದು. ದೊಡ್ಡ ಹಡಗುಗಳಲ್ಲಿ ಐದು, ಆರು ರೆಕ್ಕೆ ಇರೋದಕ್ಕೆ ಇದೂ ಒಂದು ಕಾರಣ. ಎಮ್ಮಾ ಮೇರ್ಸ್ಕ್ ಅನ್ನೋ ಕಂಟೇನರ್ ಹಡಗಿನ ಆರು ರೆಕ್ಕೆಯ ಪ್ರೊಪೆಲರ್ 9.6 ಮೀಟರ್ ಅಗಲ, 131 ಟನ್ ತೂಕ. ಮೂರು ಮಹಡಿ ಮನೆಯಷ್ಟು ಎತ್ತರ!

ಸಬ್‌ಮರೀನಿನವರಿಗಂತೂ ಸದ್ದೇ ಜೀವದ ಪ್ರಶ್ನೆ. ಅಲ್ಲಿ ಏಳು ರೆಕ್ಕೆ, ಕತ್ತಿಯ ಹಾಗೆ ಬಾಗಿದ್ದು. ಬಾಗಿರೋದರಿಂದ ರೆಕ್ಕೆ ಆ ನಿಧಾನದ ನೀರನ್ನ ಒಮ್ಮೆಲೇ ಹೊಡೆಯದೆ ಬುಡದಿಂದ ತುದಿವರೆಗೆ ಜಾರಿಕೊಂಡು ದಾಟುತ್ತೆ. ಅದರ ಆಕಾರ ಎಷ್ಟು ಗುಟ್ಟು ಅಂದ್ರೆ, ಸಬ್‌ಮರೀನ್ ದಡಕ್ಕೆ ಬಂದಾಗ ಪ್ರೊಪೆಲರ್‌ಗೆ ಟಾರ್ಪಾಲ್ ಹೊದಿಸ್ತಾರೆ. 1980ರ ದಶಕದಲ್ಲಿ ಜಪಾನಿನ ತೋಶಿಬಾ ಮಷೀನ್ ಕಂಪನಿ ಇಂಥ ಪ್ರೊಪೆಲರ್ ಕೆತ್ತಬಲ್ಲ ಯಂತ್ರಗಳನ್ನ ನಿಯಮ ಮೀರಿ ಸೋವಿಯತ್ ಒಕ್ಕೂಟಕ್ಕೆ ಮಾರಿತ್ತು. 1987ರಲ್ಲಿ ವಿಷಯ ಹೊರಬಿದ್ದಾಗ ಅಮೆರಿಕದ ಕೆಲವು ಸಂಸದರು ಸಂಸತ್ತಿನ ಹುಲ್ಲುಹಾಸಿನ ಮೇಲೆ ನಿಂತು ತೋಶಿಬಾ ರೇಡಿಯೋವನ್ನ ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಿದ್ರು. ಪ್ರೊಪೆಲರ್ ರೆಕ್ಕೆಗಾಗಿ ಇಷ್ಟು ರಂಪ ಮತ್ತೆಲ್ಲೂ ಆಗಿಲ್ಲ ಅನ್ಸುತ್ತೆ.

ಇನ್ನು ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ, ರೆಕ್ಕೆಯ ತುದಿಗಳನ್ನ ಬಳೆ ತರ ಸುತ್ತಿ ಜೋಡಿಸಿದ ಟೊರಾಯ್ಡಲ್ ಪ್ರೊಪೆಲರ್. ಎಂಐಟಿಯ ಲಿಂಕನ್ ಲ್ಯಾಬ್ ಡ್ರೋನ್‌ಗೆ ಮಾಡಿದ್ದು, ಶಾರೋ ಅನ್ನೋ ಅಮೆರಿಕನ್ ಕಂಪನಿ ದೋಣಿಗೆ ಮಾರೋದು. ತುದಿಯಲ್ಲಿ ನೀರು ಸುಳಿ ಸುತ್ತಿ ವ್ಯರ್ಥ ಆಗೋದನ್ನ ಕಮ್ಮಿ ಮಾಡೋ ಐಡಿಯಾ ಚೆನ್ನಾಗೇ ಇದೆ. ಮಾವನಿಗೂ ವಿಡಿಯೋ ತೋರಿಸಿದೆ. ಬೆಲೆ ಸಾಮಾನ್ಯ ಪ್ರೊಪೆಲರ್‌ನ ಎಷ್ಟೋ ಪಟ್ಟು ಅಂದೆ. ಅವರು ಬೆಲೆ ಬಗ್ಗೆ ಏನೂ ಅನ್ನಲಿಲ್ಲ. ಅಳಿವೆಯ ಮರಳಿಗೆ ತಾಗಿ ರೆಕ್ಕೆ ಬಾಗಿದ್ರೆ ಈಗಿನದನ್ನ ಅಂಗಡಿಯಲ್ಲಿ ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿ ಅದೇ ಸಂಜೆ ಕೊಡ್ತಾರೆ, ಈ ಬಳೆ ಬಾಗಿದ್ರೆ ಯಾರು ಬಡೀತಾರೆ ಅಂತ ಕೇಳಿದ್ರು.